ಕರೆಯಲು ಯಾರೂ ಬಂದಿಲ್ಲ

ಪರೇಲ್, ಮುಂಬಯಿ
೧೪ ನವೆಂಬರ್ ೧೯೫೫

ನನ್ನ ಅವ್ವನಿಗೆ,

ನಿನ್ನ ಮಗಳು ರುದ್ರವ್ವ ಕಾಲು ಮುಟ್ಟಿ ನಮಸ್ಕರಿಸುತ್ತಾಳೆ. ಈಗ ನನಗೆ ಬಗ್ಗಲು ಆಗುವುದಿಲ್ಲ, ಕಾಗದದಲ್ಲಾದರೂ ಮುಟ್ಟುತ್ತೇನೆ. ನಿನ್ನ ಪತ್ರಕ್ಕೆ ಉತ್ತರ ತಡವಾಯಿತು, ಸಿಟ್ಟಾಗಬೇಡ. ನಾಲ್ಕು ಸಾಲು ಬರೆಯುವುದರೊಳಗೆ ಸೊಂಟ ಹಿಡಿದುಕೊಳ್ಳುತ್ತದೆ. ಇದನ್ನು ಓದಿ ಹೇಳುವ ನಮ್ಮ ಮಲ್ಲವ್ವನಿಗೂ ಒಂದು ಮಾತು: ತಂಗೀ, ನಡುವೆ ನಿನ್ನ ಒಗ್ಗರಣೆ ಹಾಕಬೇಡ.

ನನಗೆ ಏಳು ತಿಂಗಳು ತುಂಬಿತು. ಚಾಳಿನ ನಲ್ಲಿ ಇರುವುದು ಕೆಳಗೆ, ನಮ್ಮ ಖೋಲಿ ಮೂರನೇ ಮಾಳಿಗೆಯಲ್ಲಿ. ನನ್ನ ಪಾಡು ನೋಡಲಾರದೆ ನಿನ್ನ ಅಳಿಯಂದಿರೇ ಕೊಡ ಹೊರುತ್ತಾರೆ. ಅರ್ಧ ನೀರು ಮನೆಗೆ, ಅರ್ಧ ಮೆಟ್ಟಿಲಿಗೆ. ಪಕ್ಕದ ಖೋಲಿಯ ಉಡುಪಿಯ ರಾಜೀವಿ, “ನಿಮ್ಮ ಯಜಮಾನ್ರು ಮೆಟ್ಲು ತೊಳೀಲಿಕ್ಕೆ ನೀರು ತರುದಾ?” ಎಂದು ಕೇಳಿ ನಗುತ್ತಾಳೆ. ಪಾಪ, ಅವರು ತಲೆ ತಗ್ಗಿಸಿ ಮಿಲ್ಲಿಗೆ ಹೊರಟುಬಿಡುತ್ತಾರೆ.

ಹೋದ ವಾರ ರಾಜೀವಿಯೇ ನನ್ನನ್ನು ದವಾಖಾನೆಗೆ ಕರೆದೊಯ್ದಳು. ಡಾಕ್ಟರಬಾಯಿ ನನ್ನನ್ನು ಮಲಗಿಸಿ, ತಲೆ ಎತ್ತಲು ಹೇಳಿ, ಹೊಕ್ಕುಳ ಹತ್ತಿರ ಬೆರಳಿಟ್ಟು ನೋಡಿದರು. ಹೊಟ್ಟೆಯ ಸ್ನಾಯುಗಳು ನಡುವೆ ಬಿಟ್ಟುಕೊಂಡಿವೆಯಂತೆ. ಕೂಸಿನ ಭಾರ ತಡೆಯಲು ಅವಕ್ಕೆ ಬಲವಿಲ್ಲ, ಎಲ್ಲವೂ ಸೊಂಟದ ಮೇಲೆ ಬಿದ್ದಿದೆ ಎಂದರು. ಏಳುವಾಗ ಮಗ್ಗುಲಾಗಿ ಏಳಬೇಕು, ಭಾರ ಎತ್ತಬಾರದು. ಹಿಂದಿನ ಸಲ ಹಡೆದ ಮೇಲೆ ಹೊಟ್ಟೆಗೆ ಬಟ್ಟೆ ಬಿಗಿದು ಕಟ್ಟಲಿಲ್ಲವೇ ಎಂದೂ ಕೇಳಿದರು. ನಾನು ಮಗ್ಗುಲಾಗಿ ಎದ್ದು ಕೂತೆ.

“ಮುಂಬಯಿಯೊಳಗ ದೊಡ್ಡ ದವಾಖಾನಿ ಅದಾವ, ಈ ಸಲ ಅಲ್ಲೇ ಆಗಲಿ” ಎಂದು ನೀನು ಬರೆಸಿದ್ದೀ. ಇವರೂ “ಕರಿಯಾಕ ಯಾರೂ ಬರಲಾರದ ಹೆಂಗ ಹೋಗ್ತಿ?” ಅನ್ನುತ್ತಾರೆ. ಅದೂ ಖರೆಯೇ. ತವರಿನವರು ಬಂದು ಕರೆಯದೆ ಹಡೆಯಲು ಹೋಗುವ ರೂಢಿ ನಮ್ಮಲ್ಲಿಲ್ಲ. ಆದರೆ ನನಗೆ ದವಾಖಾನೆ ಬೇಡ, ನೀನು ಬೇಕು. ಸೊಂಟಕ್ಕೆ ರಾಜೀವಿ ಎಣ್ಣೆ ತಿಕ್ಕುತ್ತಾಳೆ, ಒಳ್ಳೆಯ ಕೈ ಅವಳದು. ಕಣ್ಣು ಮುಚ್ಚಿ ಅದು ನಿನ್ನ ಕೈ ಎಂದುಕೊಳ್ಳಲು ನೋಡುತ್ತೇನೆ, ಆಗುವುದಿಲ್ಲ. ಅವಳು ತಿಕ್ಕುವಾಗ ನಿನ್ನಂತೆ ಬೈಯುವುದಿಲ್ಲ. ಅಣ್ಣ ದಾನಪ್ಪನನ್ನು ಬೇಗ ಕಳಿಸು. ಇನ್ನು ತಡವಾದರೆ ವಿಜಾಪುರದ ತನಕ ರೈಲಿನಲ್ಲಿ ಕೂರಲಾರೆ.

ಅಪ್ಪನಿಗೆ ನಮಸ್ಕಾರ. ಮಲ್ಲವ್ವನಿಗೆ ಒಳ್ಳೆಯ ಮನೆ ಸಿಗಲಿ, ಅದು ಮೂರನೇ ಮಾಳಿಗೆಯಲ್ಲಿ ಇರದಿರಲಿ. ನಿನ್ನ ಆಶೀರ್ವಾದ ನನ್ನ ಮೇಲೂ ಒಳಗಿರುವ ಜೀವದ ಮೇಲೂ ಇರಲಿ.

ನಿನ್ನ
ರುದ್ರವ್ವ

ತಾ.ಕ.: ಮಲ್ಲವ್ವ, ಇದನ್ನು ಅಪ್ಪ ಹೊರಗೆ ಹೋದ ಮೇಲೆ ಅವ್ವನೊಬ್ಬಳಿಗೇ ಓದು.

ಅವ್ವ, ಹೋದ ಸಲ ನನ್ನ ಹೊಟ್ಟೆ ಕಟ್ಟಲೆಂದು ನೀನು ನಿನ್ನ ಹಳೆಯ ಸೀರೆ ತೊಳೆದು ಇಟ್ಟಿದ್ದೆ. ಕೂಸು ಅಳಲೇ ಇಲ್ಲ. ಅದೇ ಸೀರೆಯಲ್ಲಿ ಅದನ್ನು ಸುತ್ತಿ ಒಯ್ದರು. ಆಮೇಲೆ ನನ್ನ ಹೊಟ್ಟೆ ಯಾರೂ ಕಟ್ಟಲಿಲ್ಲ. ಕೂಸಿಲ್ಲದವಳು ಬಾಣಂತನ ಕೇಳುವುದು ಹೇಗೆಂದು ನಾನೂ ಕೇಳಲಿಲ್ಲ. ನಿನಗೂ ಕೈ ಬಂದಿರಲಿಕ್ಕಿಲ್ಲ. ಮತ್ತೆ ಅದೇ ಕೋಣೆಯಲ್ಲಿ ನನ್ನನ್ನು ಮಲಗಿಸಲು ಹೆದರಿ ನೀನು ಕರೆಯುತ್ತಿಲ್ಲ, ನನಗೆ ಗೊತ್ತು. ಆದರೆ ಆಗಲೂ ನಾನು ಹಡೆದಿದ್ದೆ, ಅವ್ವ. ಈ ಸಲ ಕೂಸು ಅತ್ತರೂ ಅಳದಿದ್ದರೂ ನನ್ನ ಬಾಣಂತನ ಮಾಡು.