ಗುನುಗು ನಿಂತರೆ

ಏಪ್ರಿಲ್ 13, ಗರಿಗಳ ಭಾನುವಾರ. ಬೆಳಗ್ಗೆ 6

ಲೈಫ್ ಜಾಕೆಟ್‌ಗಳನ್ನು ಮತ್ತೆ ನೀರಲ್ಲಿ ಅದ್ದಿ ನೋಡಿದೆ. ಎರಡು ಮುಳುಗಿದವು. ಹೊರಗೆ ಹೊಸದರ ಹಾಗಿವೆ, ಒಳಗಿನ ಸ್ಪಂಜು ನೀರು ಕುಡಿದು ಕೂತಿದೆ. ಕತ್ತರಿಸಿ ಎಸೆದೆ. ಹಾಗೇ ಎಸೆದರೆ ಯಾರಾದರೂ ಎತ್ತಿಕೊಂಡು ಮಗುವಿಗೆ ತೊಡಿಸಿಬಿಡುತ್ತಾರೆ.

ಪ್ರವಾಸಿಗರನ್ನು ಹವಳದ ಮೇಲೆ ತೇಲಿಸಿಕೊಂಡು ತಿರುಗುವ ಕೆಲಸಕ್ಕೆ ಹತ್ತೊಂಬತ್ತು ವರ್ಷವಾಯಿತು. ಒಬ್ಬರನ್ನೂ ಕಳೆದುಕೊಂಡಿಲ್ಲ. ಛೆ, ಬರೆಯಬಾರದಿತ್ತು. ಶಿಲುಬೆ ಗುರುತು ಹಾಕಿಕೊಂಡೆ.

ಮಧ್ಯಾಹ್ನದ ದೋಣಿಗೆ ತಂಗಿ ರೋವೆನಾ ಬರುತ್ತಾಳೆ, ಸೆಬು ಪಟ್ಟಣದಿಂದ, ಮಕ್ಕಳನ್ನು ಕರೆದುಕೊಂಡು. ವಾರವಿಡೀ ರಜೆ. ಇಗ್ಗಿಗೆ ಹತ್ತು, ಇಂದಾಯ್‌ಗೆ ಐದು.

ಏಪ್ರಿಲ್ 14

ಇಬ್ಬರಿಗೂ ಪಾಠ. ಕಣ್ಣಿಗೆ ಮಾಸ್ಕು, ಬಾಯಿಗೆ ಉಸಿರಾಡುವ ಕೊಳವೆ; ಮುಖ ನೀರಲ್ಲಿರುವಷ್ಟು ಹೊತ್ತೂ ಕೊಳವೆಯೊಳಗೆ ಗುನುಗುತ್ತಲೇ ಇರಬೇಕು. ಯಾವ ಹಾಡಾದರೂ ಸರಿ. ಮುಳುಗುವ ಮಗು ಕೂಗುವುದಿಲ್ಲ... ಸುಮ್ಮನಾಗುತ್ತದೆ, ಅಷ್ಟೇ. ಅದಕ್ಕೇ ನನಗೆ ಕಿವಿ ಮೊದಲು, ಕಣ್ಣು ಆಮೇಲೆ.

"ಗುನುಗೋದು ನಿಂತ್ರೆ?" ಇಗ್ಗಿ ಕೇಳಿದ.

"ನಿಂತ್ರೆ ನಾನು ಬಂದೆ ಅಂತಲೇ ಲೆಕ್ಕ."

"ಎಲ್ಲಿದ್ರೂ?"

"ಎಲ್ಲಿದ್ರೂ ಕಣೋ."

ಹಳದಿ ಡ್ರಮ್ಮು ತೇಲುತ್ತದಲ್ಲ, ಅದೇ ಗಡಿ. ಅದರಾಚೆ ಹವಳ ಮುಗಿದು ಒಮ್ಮೆಲೇ ಆಳ. ಇಳಿತದ ಹೊತ್ತಿಗೆ ಕೆಟ್ಟ ಸೆಳೆತ. ಮೂರು ಸಲ ಹೇಳಿದೆ.

ರೋವೆನಾಗೆ ನಗು. "ಅಕ್ಕಾ, ನನ್ನ ಮಕ್ಕಳನ್ನ ಮೇಕೆ ಕಾದ ಹಾಗೆ ಕಾಯ್ತೀಯಲ್ಲೇ!"

ಮೇಕೆಯಾಗಿದ್ದರೆ ಗೂಟಕ್ಕೆ ಕಟ್ಟುತ್ತಿದ್ದೆ. ಆರಾಮಾಗಿರುತ್ತಿತ್ತು.

ಏಪ್ರಿಲ್ 15

ಇವತ್ತು ಜೀವ ಬಾಯಿಗೆ ಬಂತು. ಇಂದಾಯ್ ಗುನುಗುತ್ತಿದ್ದಳು, ಇಗ್ಗಿಯದು ನಿಂತಿತು. ಕವುಚಿಕೊಂಡು ತೇಲುತ್ತಿದ್ದಾನೆ, ಕೈಕಾಲು ಸಡಿಲ. ಹೇಗೆ ಈಜಿದೆನೋ ಗೊತ್ತಿಲ್ಲ. ಭುಜ ಹಿಡಿದು ತಿರುಗಿಸಿದರೆ... ನಗುತ್ತಿದ್ದಾನೆ ಬಡ್ಡೀಮಗ.

"ದೊಡ್ಡಮ್ಮಾ, ಎಣಿಸ್ದೆ! ಹನ್ನೆರಡು ಎಣಿಸೋದ್ರೊಳಗೆ ಬಂದ್ಬಿಟ್ಟೆ!"

ಕಿವಿ ಹಿಂಡಿದೆ. ಅತ್ತ. ಆಮೇಲೆ ನಾನೂ ಅತ್ತೆ, ಯಾರಿಗೂ ಕಾಣದ ಹಾಗೆ. ರಾತ್ರಿ ಊಟಕ್ಕೆ ಕೂತಾಗ ಇಂದಾಯ್‌ಗೆ ಹೇಳುತ್ತಿದ್ದ, ಜಂಬದಿಂದ. "ದೊಡ್ಡಮ್ಮ ಹನ್ನೆರಡಕ್ಕೆ ಬರ್ತಾಳೆ, ಗೊತ್ತಾ?"

ಏಪ್ರಿಲ್ 17, ಪವಿತ್ರ ಗುರುವಾರ

ಇಗ್ಗಿಗೆ ಆಮೆ ಕಂಡಿತು, ಡ್ರಮ್ಮಿನ ಹತ್ತಿರ. ಇಂದಾಯ್ ಅಷ್ಟು ದೂರ ಬಂದಿರಲಿಲ್ಲ. ದಡಕ್ಕೆ ಬಂದು ಒಂದೇ ರಂಪ.

"ಅಳಬೇಡ್ವೇ, ನಾಳೆ ತೋರಿಸ್ತೀನಿ," ಅಂದ ಅಣ್ಣ.

"ನಾಳೆ ಗುಡ್ ಫ್ರೈಡೇ," ಅಂದೆ. "ಯಾರೂ ಸಮುದ್ರಕ್ಕೆ ಇಳಿಯಲ್ಲ. ಸ್ನಾನ ಕೂಡ ಮಾಡಲ್ಲ."

"ಮತ್ತೆ ಶನಿವಾರ ನಾವು ಹೊರಡ್ತೀವಲ್ಲ!" ಅಂದ ಇಗ್ಗಿ.

"ಆಮೆ ಎಲ್ಲಿಗೂ ಹೋಗಲ್ಲ. ಮುಂದಿನ ವರ್ಷ ಬಾ."

ಜಾಕೆಟ್‌ಗಳನ್ನೆಲ್ಲ ಸಿಹಿನೀರಲ್ಲಿ ಜಾಲಿಸಿ ಹಗ್ಗಕ್ಕೆ ಹಾಕಿದೆ. ವರ್ಷಕ್ಕೊಂದೇ ದಿನ ಅವು ಸರಿಯಾಗಿ ಒಣಗುವುದು.

ಏಪ್ರಿಲ್ 18, ಗುಡ್ ಫ್ರೈಡೇ. ಬೆಳಗ್ಗೆ 7

ದಡದ ತುಂಬ ದೋಣಿಗಳು, ಎಲ್ಲವೂ ಮೇಲೆಳೆದವು. ಒಬ್ಬ ಗೈಡೂ ಇಲ್ಲ. ನೀರಿಗೆ ಇಳಿಯುವವರೇ ಇಲ್ಲದ ಮೇಲೆ ಕಾಯುವುದು ಯಾರನ್ನು? ಗೆಣಸು, ಸಾಬಕ್ಕಿ, ತೆಂಗಿನಹಾಲಿನ ಬಿನಿಗ್ನಿಟ್ ಪಾಯಸ ಒಲೆಯ ಮೇಲಿದೆ. ಚರ್ಚಿನಲ್ಲಿ ಯೇಸುವಿನ ಸಂಕಟದ ಪಾರಾಯಣ ಎರಡು ದಿನದಿಂದ ನಡೆದೇ ಇದೆ, ಮೈಕಿನಲ್ಲಿ. ಒಂದೂವರೆಯಿಂದ ಮೂರರವರೆಗೆ ಹಾಡುವ ಸರದಿ ನನ್ನದು.

"ಹೋಗಿ ಹಾಡು ಅಕ್ಕಾ," ಅಂದಳು ರೋವೆನಾ. "ಇವತ್ತೊಂದಿನ ನಿನ್ನ ಕಿವಿಗೂ ರಜೆ ಕೊಡು."

ನಿಜ, ಸುಸ್ತಾಗಿದೆ. ಗಾಳಿಯೇ ಇಲ್ಲ.

ಅದೇ ದಿನ. 3.20

ಹಾಡಿ ಬಂದೆ. ಗಂಟಲು ಕಟ್ಟಿದೆ. ಸ್ಪೀಕರ್ ದಡದ ಕಡೆಗೇ ತಿರುಗಿಸಿದ್ದರಂತೆ, ಇಡೀ ಊರಿಗೆ ನನ್ನ ದನಿ. ರೋವೆನಾಗೆ ಒಳ್ಳೆ ನಿದ್ದೆ. ಮಕ್ಕಳೂ ಮಲಗಿರಬೇಕು, ಸದ್ದೇ ಇಲ್ಲ. ಇಳಿತ ಶುರುವಾಗಿ ಗಂಟೆಯಾಗಿದೆ. ಜಾಕೆಟ್‌ಗಳು ಒಣಗಿವೆ, ಎಲ್ಲವೂ ಹಗ್ಗದ ಮೇಲೇ ಇವೆ. ಮೊಳೆಗೆ ತೂಗುಹಾಕಿದ್ದ ಇಗ್ಗಿಯ ಮಾಸ್ಕು ಮಾತ್ರ

ಏಪ್ರಿಲ್ 20, ಈಸ್ಟರ್

ಶುಕ್ರವಾರ ನಾನು ಈಜಿ ತಲುಪಿದಾಗ ಇಂದಾಯ್ ಹಳದಿ ಡ್ರಮ್ಮಿನ ಹಗ್ಗಕ್ಕೆ ಜೋತುಬಿದ್ದಿದ್ದಳು. ತುಟಿ ಆಡುತ್ತಿತ್ತು. ಪ್ರಾರ್ಥನೆ ಮಾಡುತ್ತಿದ್ದಾಳೆ ಅಂದುಕೊಂಡೆ.

ಇಗ್ಗಿ ನಿನ್ನೆ ಬೆಳಗ್ಗೆ ಸಿಕ್ಕಿದ, ಮೂಲೆಯ ಬಂಡೆಗಳ ಹತ್ತಿರ. ಗಂಡಸರು ಹೊತ್ತು ತಂದರು. ರೋವೆನಾ ನನ್ನ ಮುಖ ನೋಡುತ್ತಿಲ್ಲ. ನೋಡಬೇಡ ತಾಯಿ, ನೋಡಬೇಡ.

ಇವತ್ತು ಇಂದಾಯ್ ಬಾಯಿಬಿಟ್ಟಳು. ನನ್ನ ತೊಡೆಯ ಮೇಲೆ ಕೂತು, ಬಿನಿಗ್ನಿಟ್ ತಿನ್ನುತ್ತಾ. ಅಣ್ಣ ಅವಳ ಕೈಗೆ ಹಗ್ಗ ಕೊಟ್ಟನಂತೆ. ಅವನನ್ನು ನೀರು ಎಳೆದುಕೊಂಡು ಹೋಗುತ್ತಿತ್ತಂತೆ.

"ಅಣ್ಣ ಹೇಳ್ದ, ದೊಡ್ಡಮ್ಮನ ದನಿ ಕೇಳ್ತಿದೆಯಲ್ಲ, ಹತ್ರಾನೇ ಇದಾಳೆ. ನಾನು ಗುನುಗೋದು ನಿಲ್ಲಿಸ್ತೀನಿ, ನೀನು ಹನ್ನೆರಡು ಎಣಿಸು ಅಂತ."

ಎಣಿಸಿದೆಯಾ ಎಂದು ಕೇಳಿದೆ. ಯಾಕೆ ಕೇಳಿದೆನೋ.

"ಎಣಿಸ್ದೆ. ನೀನು ಬರ್ಲಿಲ್ಲ. ಮತ್ತೆ ಒಂದರಿಂದ ಎಣಿಸ್ದೆ. ಆಮೇಲೆ ಮತ್ತೆ..."