ನಿಮ್ಮಪ್ಪ ವಳ್ಳಿಯ ಪರವಾಗಿ ಆಡಿದ ಮಾತು

ಓಡೈಪಟ್ಟಿ
೧೮ ಜೂನ್ ೨೦೨೫, ಬುಧವಾರ

ನನ್ನ ಕಣ್ಣೇ, ಅಮುದಾ,

ನಿನಗೂ ನಿನ್ನ ಹೊಟ್ಟೆಯಲ್ಲಿರುವ ಕೂಸಿಗೂ ಅಮ್ಮನ ಆಶೀರ್ವಾದ. ಅಳಿಯಂದಿರನ್ನೂ ನಿನ್ನ ಅತ್ತೆಯನ್ನೂ ವಿಚಾರಿಸಿದೆ ಎಂದು ಹೇಳು. ಇಷ್ಟು ದಿನ ಬರೆಯಲಿಲ್ಲವೆಂದು ಬೈಯಬೇಡ. ಬೈಯುವುದಕ್ಕಾದರೂ ಫೋನ್ ಎತ್ತು ತಾಯಿ! ನಾನು ಮಾಡಿದರೆ ಬಡಿದುಕೊಂಡು ಬಡಿದುಕೊಂಡು ನಿಲ್ಲುತ್ತದೆ, ನಿಮ್ಮಪ್ಪ ಮಾಡಿದರೆ ಕತ್ತರಿಸಿಬಿಡುತ್ತೀಯ. ಅದಕ್ಕೇ ಪೆನ್ನು ಹಿಡಿದಿದ್ದೇನೆ. ಬೋಡಿನಾಯಕನೂರಿನಲ್ಲಿ ಏಲಕ್ಕಿ ವ್ಯಾಪಾರ ಮಾಡುತ್ತಿದ್ದ ನಮ್ಮಪ್ಪ, ಮೈಸೂರು ಕಡೆಯ ಸಾಹುಕಾರರಿಗೆ ಬರೆಯಲೆಂದು ಕಲಿತ ಕನ್ನಡ ಅಕ್ಷರ ಇದು. ಅವರಿಂದ ನನಗೆ ಬಂತು, ನಾನು ನಿನ್ನ ಕಿವಿ ಹಿಂಡಿ ಕಲಿಸಿದೆ. ದಿಂಡಿಗಲ್ಲಿನ ನಿಮ್ಮ ಮನೆಯಲ್ಲಿ ಇದನ್ನು ಓದಬಲ್ಲವಳು ನೀನೊಬ್ಬಳೇ. ಹಾಗಾಗಿ ಮನಸ್ಸು ಬಿಚ್ಚಿ ಬರೆಯುತ್ತೇನೆ.

ಬಳೆ ತೊಡಿಸಿ ನಿನ್ನನ್ನು ಹೆರಿಗೆಗೆ ಕರೆದು ತರಬೇಕಾದ ತಿಂಗಳು ಇದು. ನೀನು ನೋಡಿದರೆ "ಆ ಮನೆಗೆ ಬರೋದಿಲ್ಲ, ಅಪ್ಪನ ಮೊಕ ನೋಡೋದಿಲ್ಲ" ಎಂದೆಯಂತೆ. "ನಮ್ಮಮ್ಮನ ಬಾಳು ನಿಮ್ಮಪ್ಪನಿಂದಲೇ ಹಾಳಾಯಿತು" ಎಂದು ವಳ್ಳಿಯ ಮಗಳು ತಮಿಳರಸಿ ಅಳುತ್ತಾ ಹೇಳಿದಳಂತೆ. ಅವಳು ಹೇಳಿದ್ದು ಸುಳ್ಳಲ್ಲ. ಆದರೆ ಅಷ್ಟೇ ನಿಜವೂ ಅಲ್ಲ, ಕಣ್ಣೇ.

ವಳ್ಳಿಯನ್ನು ನಿನಗೆ ನಾನು ಪರಿಚಯ ಮಾಡಿಕೊಡಬೇಕೆ? ಲಂಕೆಯ ಯುದ್ಧಕ್ಕೆ ಹೆದರಿ ಅಪ್ಪನ ಹೆಗಲ ಮೇಲೆ ಕೂತು ದೋಣಿಯಿಂದಿಳಿದ ಹುಡುಗಿ. ತಾಯಿ ಆಚೆ ದಡದಲ್ಲೇ ಉಳಿದಳು. ಅಂದಿನಿಂದ ನಮ್ಮ ಕಡೆಯ ನಿರಾಶ್ರಿತರ ಕ್ಯಾಂಪೇ ಅವಳ ಊರು. ನೀನು ಹುಟ್ಟಿದಾಗ ತಾನೇ ಇನ್ನೂ ಲಂಗದ ಹುಡುಗಿ, ನಿನ್ನನ್ನು ಸೊಂಟದಿಂದ ಇಳಿಸುತ್ತಿರಲಿಲ್ಲ. ನಮ್ಮ ದ್ರಾಕ್ಷಿ ಚಪ್ಪರದ ಕೆಳಗೇ ದೊಡ್ಡವಳಾದಳು, ನಮ್ಮ ಮನೆ ಮಾತನ್ನು ನಿನಗಿಂತ ಚೆನ್ನಾಗಿ ಆಡುತ್ತಾಳೆ. ಅವಳ ಮಗಳು ತೇನಿಯ ಆಸ್ಪತ್ರೆಯಲ್ಲೇ ಹುಟ್ಟಿ, ಇಲ್ಲೇ ನರ್ಸಿಂಗ್ ಓದಿ ಮುಗಿಸಿದ್ದಾಳೆ. ಎಲ್ಲಿ ಕೆಲಸ ಕೇಳಿದರೂ "ನೀನು ಯಾವ ದೇಶದವಳು?" ಎನ್ನುತ್ತಾರೆ. ಕಾಗದದಲ್ಲಿ ತಾಯಿ ಮಗಳಿಬ್ಬರೂ ಅಕ್ರಮವಾಗಿ ಬಂದವರು. ಹುಟ್ಟಿದ್ದೂ ಅಕ್ರಮವೇ? ನನಗಂತೂ ಅರ್ಥವಾಗಲಿಲ್ಲ.

ಪೌರತ್ವ ಕೊಡಿ ಎಂದು ವಕೀಲರನ್ನು ಹಿಡಿದು ವಳ್ಳಿ ಅರ್ಜಿ ಹಾಕಿದ್ದು ನಿನಗೆ ಗೊತ್ತು. ಊರವರನ್ನು ವಿಚಾರಿಸಲು ಅಧಿಕಾರಿ ಬರುತ್ತಾರೆಂದು ಸುದ್ದಿ ಬಂದದ್ದೇ ತಡ, ಆಂಡಿಯ ಟೀ ಅಂಗಡಿಯಲ್ಲಿ ದಿನಾ ಪಾರ್ಲಿಮೆಂಟು. ದುಬೈಯಿಂದ ವಾಪಸ್ಸಾದ ಸತೀಶ್‌ಕುಮಾರ್ ಎದ್ದು ನಿಂತು, "ರೂಲ್ಸ್ ಅಂದ್ರೆ ರೂಲ್ಸ್. ವೀಸಾ ಮುಗೀತು ಅಂತ ನನ್ನ ಅಲ್ಲಿ ಒಳಗೆ ಕೂರ್ಸಿದ್ರು. ನಮ್ಗೊಂದು ನ್ಯಾಯ, ಇವ್ರಿಗೊಂದು ನ್ಯಾಯಾನಾ?" ಎಂದ. "ಲೇ ತಂಬಿ, ನೀ ಕಾಸಿಗೋಗಿದ್ದೆ. ಅವ್ರು ಪ್ರಾಣ ಉಳಿಸ್ಕಳಾಕೆ ಬಂದವ್ರೆ" ಎಂದು ಆಂಡಿ ಲೋಟ ಕುಕ್ಕಿದ. ನಮ್ಮ ಪೇಚ್ಚಿಯಮ್ಮಾಳ್ ಇದ್ದಾಳಲ್ಲ, "ಕೊಡ್ಲಿ ಪಾಪ, ಯಾರ್ ಬ್ಯಾಡ ಅಂದ್ರು? ಮನೆ ಜಾಗ ಗೀಗ ಮಾತ್ರ ನಮ್ಮೂರಾಗೆ ಬ್ಯಾಡ" ಎಂದಳು. ಎಂಥ ದೊಡ್ಡ ಮನಸ್ಸು ನೋಡು! ತೋಟದ ಪಳನಿಸಾಮಿ ಮಾತ್ರ ಮುಚ್ಚುಮರೆ ಇಲ್ಲದೆ ಹೇಳಿದ: "ಇವ್ರಿಗೆ ಕಾರ್ಡ್ ಬಂತು ಅನ್ನು, ನಾಳೆನೇ ಬನಿಯನ್ ಕಂಪ್ನಿ ಕೆಲ್ಸಕ್ಕೆ ಅಂತ ತಿರುಪ್ಪೂರು ಬಸ್ ಹತ್ತುತಾರೆ. ಆಮ್ಯಾಕೆ ನಮ್ಮ ಬಳ್ಳಿ ಸವರಾಕೆ ಯಾರ್ನ ಕರೆಯೋದು?"

ನಿಮ್ಮಪ್ಪನಿಗೆ ರೇಗಿತು. "ನಮ್ಮ ಹಿರೀಕ್ರು ಹೊಳೆ ದಾಟಿ ಬಂದಾಗ ಯಾರ್ಲಾ ಕಾಗ್ದ ಕೇಳಿದ್ರು?" ಎಂದು ಎಲ್ಲರ ಬಾಯಿ ಮುಚ್ಚಿಸಿದರು. ಆ ದಿನ ನನಗೆ ಅವರ ಮೇಲೆ ಎಷ್ಟು ಅಭಿಮಾನ ಉಕ್ಕಿತೆಂದರೆ, ರಾತ್ರಿಯ ಅಡುಗೆಗೆ ಅವರಿಗೆ ಇಷ್ಟವಾದ ಹುರುಳಿ ಸಾರು ಮಾಡಿದೆ.

ಅಧಿಕಾರಿ ಬಂದರು. ಆಂಡಿಪಟ್ಟಿಯವರು, ಒಳ್ಳೆಯ ಮನುಷ್ಯ. ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಒಬ್ಬೊಬ್ಬರನ್ನೇ ಕರೆದು ಕೇಳಿದರು. ವಳ್ಳಿ ದೂರದಲ್ಲಿ ಕೈಕಟ್ಟಿ ನಿಂತಿದ್ದಳು. ಅವಳ ಮುಖದೆದುರಿಗೆ ಯಾರಿಗೂ ಬೇಡವೆನ್ನಲು ಬಾಯಿ ಬರಲಿಲ್ಲ. ಪಳನಿಸಾಮಿ ಸಹ "ಬಂಗಾರದಂತ ಹೆಣ್ಣು ಸಾರ್" ಎಂದು ಹೇಳಿ ಹೋದ. ಸತೀಶ್‌ಕುಮಾರ್ ಕೂಡ ಹೂಂ ಎಂದು ತಲೆಯಾಡಿಸಿದ. ಕೊನೆಗೆ ನಿಮ್ಮಪ್ಪ ಉಳಿದರು. "ಹಿರಿಯರೇ, ಈಕೆಯ ನಡತೆ ಹೇಗೆ? ನಿಮಗೆ ಗೊತ್ತಿರುವುದನ್ನು ಹೇಳಿ" ಎಂದರು ಅಧಿಕಾರಿ.

ಪ್ರತಿ ವರ್ಷ ಮಾಟ್ಟುಪೊಂಗಲ್ ದಿನ, ದನಗಳ ಪೂಜೆ ಮುಗಿದ ಮೇಲೆ, ದೇವರಿಗೆ ಬಿಟ್ಟ ನಮ್ಮ ದನಗಳ ದೊಡ್ಡಿಯಲ್ಲಿ ನಿಮ್ಮಪ್ಪ ಕುಲದ ಕಥೆ ಹೇಳುವುದನ್ನು ನೀನು ಹುಟ್ಟಿದಾಗಿನಿಂದ ಕೇಳಿದ್ದೀಯ. ಹಿಂದೆ ಅಟ್ಟಿಬಂದ ಕುದುರೆ ದಂಡು, ಮುಂದೆ ತುಂಬಿದ ಹೊಳೆ, ಹೊಂಗೆ ಮರ ಬಾಗಿ ಸೇತುವೆಯಾದದ್ದು, ನಮ್ಮವರು ದನಕರು ಸಮೇತ ದಾಟಿದ್ದು. ಅದಕ್ಕೇ ಅಲ್ಲವೇ ಇವತ್ತಿಗೂ ನಾವು ಹೊಂಗೆಗೆ ಕೊಡಲಿ ಇಡದಿರುವುದು. ನಮ್ಮವರ ಲೆಕ್ಕದಲ್ಲಿ ಹೊಳೆ ದಾಟಿದವರಿಗಿಂತ ದೊಡ್ಡವರಿಲ್ಲ.

ಅಧಿಕಾರಿ ಕೇಳಿದ್ದೇ ಸಾಕು, ನಿಮ್ಮಪ್ಪ ಟವೆಲನ್ನು ಸೊಂಟಕ್ಕೆ ಬಿಗಿದು, ಥೇಟ್ ದೊಡ್ಡಿಯಲ್ಲಿ ನಿಲ್ಲುವಂತೆ ನಿಂತರು. "ಸಾರ್, ಇವ್ಳು ಎಂತೋಳು ಗೊತ್ತಾ? ಆಚೆ ದಡದಾಗೆ ಹೆತ್ತ ತಾಯಿ ಸಾಯ್ತಾವ್ಳೆ ಅಂತ ಸುದ್ದಿ ಬಂತು. ಮಗಳ್ನ ನಮ್ಮನೇಲಿ ಬಿಟ್ಟು, ಒಬ್ಳೇ ಮೀನಿನ ದೋಣಿ ಹತ್ತಿ ಹೋದ್ಲು. ತಾಯಿ ಬಾಯಿಗೆ ನೀರು ಬಿಟ್ಟು, ಮಣ್ಣು ಮಾಡಿ, ಅದೇ ಕಡಲು ದಾಟ್ಕಂಡು ಮಗಳ ತಾವು ಬಂದ್ಲು. ಗಂಡಸ್ರಿಗೂ ಇಲ್ಲ ಸಾರ್ ಆ ಎದೆ!"

ಅಧಿಕಾರಿಯ ಪೆನ್ನು ನಿಂತಿತು. "ಯಾವ ವರ್ಷ? ಯಾವ ದಡಕ್ಕೆ ಬಂದು ಇಳಿದರು?" ಎಂದು ಮೆಲ್ಲಗೆ ಕೇಳಿದರು. ಕೇಳುವವರು ಸಿಕ್ಕರೆಂಬ ಖುಷಿಯಲ್ಲಿ ಈ ಮನುಷ್ಯ ಅದನ್ನೂ ಹೇಳಿದರು! ನಾನು ಹಿಂದಿನಿಂದ ಅಂಗಿ ಜಗ್ಗಿದೆ, ಕೊಸರಿಕೊಂಡರು. ಆಂಡಿ ಟೀ ಸೋಸುವುದನ್ನು ಬಿಟ್ಟು ನೋಡುತ್ತಾ ನಿಂತ. ವಳ್ಳಿ ಕಣ್ಣು ಮುಚ್ಚಿಕೊಂಡಳು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ. ಇವರು ಬಾಯಿ ಬಿಟ್ಟದ್ದಕ್ಕೆ ಇನ್ನೊಬ್ಬಳ ಬದುಕೇ ಕೆಟ್ಟಿತು.

ಯುದ್ಧಕ್ಕೆ ಹೆದರಿ ಮಗುವಾಗಿ ಬಂದದ್ದನ್ನು ಹೇಗೋ ಒಪ್ಪಬಹುದಂತೆ. ದೊಡ್ಡವಳಾಗಿ ಹೇಳದೆ ಕೇಳದೆ ಹೋಗಿ, ಮತ್ತೆ ಕಳ್ಳದಾರಿಯಲ್ಲಿ ಬಂದದ್ದು ಬೇರೆ ಕೇಸಂತೆ. ವಕೀಲರು ಹೇಳಿದ ಮೇಲೆ ನಿಮ್ಮಪ್ಪನಿಗೆ ಭೂಮಿ ಬಾಯಿ ಬಿಟ್ಟಂತಾಯಿತು. "ಮುತ್ತಮ್ಮಾ, ನಾ ಹೊಗಳಿದ್ನಲ್ಲೇ! ಹೊಗಳಿದ್ನಲ್ಲೇ!" ಎಂದು ಚಪ್ಪರದ ಕಂಬಕ್ಕೆ ಹಣೆ ಚಚ್ಚಿಕೊಂಡರು. ಊಟ ಬಿಟ್ಟರು. ಅವರನ್ನು ಬೈಯಬೇಕೆಂದು ಇದ್ದವಳು ಸಮಾಧಾನ ಮಾಡುತ್ತಾ ಕೂತೆ.

ಆಮೇಲೆ ಆಂಡಿಪಟ್ಟಿಗೆ ಬಸ್ಸು ಹತ್ತಿ ಆ ಅಧಿಕಾರಿಯ ಮನೆಗೇ ಹೋದರು. "ನನಗೆ ವಯಸ್ಸಾಯಿತು ಸಾರ್, ಯಾರದೋ ಕಥೆ ಇವಳ ತಲೆಗೆ ಕಟ್ಟಿದೆ" ಎಂದರಂತೆ. ಅವರಿಗೂ ಬರೆದದ್ದನ್ನು ಬಿಡಲು ಒಂದು ನೆಪ ಬೇಕಿತ್ತೆಂದು ಕಾಣುತ್ತದೆ. "ದೇವರ ಎತ್ತಿನ ಹಗ್ಗ ಹಿಡಿದರೆ ನಿಮ್ಮ ಜನ ಸುಳ್ಳಾಡುವುದಿಲ್ಲ ಅಂತ ನಮ್ಮ ಕಡೆಯೆಲ್ಲ ಮಾತಿದೆ. ಹಗ್ಗ ಹಿಡಿದು ಇದನ್ನೇ ಹೇಳಿ, ನಾನು ನಂಬುತ್ತೇನೆ" ಎಂದರಂತೆ.

ಒಂದು ಶುಕ್ರವಾರ ಬೆಳಿಗ್ಗೆ ಅಧಿಕಾರಿ ಬಂದರು, ಊರೆಲ್ಲಾ ದೊಡ್ಡಿಯ ಬಳಿ ಸೇರಿತು. ನಿಮ್ಮಪ್ಪ ಮಿಂದು, ವಿಭೂತಿ ಇಟ್ಟು, ಎತ್ತಿನ ಹಗ್ಗವನ್ನು ಕೈಗೆ ಸುತ್ತಿಕೊಂಡರು. ಕೈ ನಡುಗುತ್ತಿತ್ತು. ಬಾಯಿ ತೆರೆದರು. ಅಷ್ಟರಲ್ಲಿ ಬೇಲಿಯಾಚೆಯಿಂದ ವಳ್ಳಿ ಕೂಗಿದಳು: "ಬ್ಯಾಡ ಅಯ್ಯಾ! ಸಾರ್, ಅಯ್ಯಾ ಮೊದ್ಲು ಹೇಳಿದ್ದೇ ನಿಜ. ನಾ ಹೋಗಿದ್ದೆ, ನಾನೇ ಬಂದೆ. ಬರ್ಕಳಿ."

ಬರೆದುಕೊಂಡರು. ಮತ್ತೇನು ಮಾಡಿಯಾರು?

ಅರ್ಜಿ ಬಿತ್ತು. ಮೊನ್ನೆ ವ್ಯಾನು ಬಂದು ಅವಳನ್ನು ದೂರದ, ಕಾವಲಿರುವ ಇನ್ನೊಂದು ಕ್ಯಾಂಪಿಗೆ ಕರೆದೊಯ್ದಿತು. ಅಲ್ಲಿಂದ ಹಡಗು ಹತ್ತಿಸುತ್ತಾರೋ ಏನೋ, ಯಾರಿಗೂ ತಿಳಿಯದು. ತಮಿಳರಸಿಯನ್ನು ನಮ್ಮಲ್ಲೇ ಇರು ಎಂದು ಬೇಡಿಕೊಂಡೆ, ಹೊಸಿಲು ತುಳಿಯಲಿಲ್ಲ. ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಹುಚ್ಚಿ, ಸುಮ್ನೆ ನಿಂತಿದ್ರೆ ಆಗ್ತಿತ್ತು." ಕೊಡಬಾರದು ಎಂದವರೂ ಈಗ ಅಯ್ಯೋ ಎನ್ನುತ್ತಾರೆ. ಹೋದ ಮೇಲೆ ಕನಿಕರಕ್ಕೇನೂ ಖರ್ಚಿಲ್ಲ. ಪಳನಿಸಾಮಿ ಮಾತ್ರ ನಿಜವಾಗಿ ಅತ್ತ, ಅದನ್ನು ನಾನು ಕಣ್ಣಾರೆ ಕಂಡೆ.

ನಿಮ್ಮಪ್ಪ ಮಾತು ಬಿಟ್ಟಿದ್ದಾರೆ. ದೊಡ್ಡಿಯ ಯಜಮಾನಿಕೆ ಬೇರೆಯವರಿಗೆ ಕೊಡಿ ಎಂದು ಹೇಳಿ ಕಳಿಸಿದರು. ಅವರನ್ನು ಕ್ಷಮಿಸು ಎಂದು ಕೇಳುವುದಿಲ್ಲ, ಅದು ನಿನ್ನಿಷ್ಟ. ಆದರೆ ಇಷ್ಟು ವರ್ಷ ಕಾದು ಬಂದ ಬಸಿರು, ಸಿಟ್ಟಿನಲ್ಲಿ ಅನ್ನ ಬಿಡಬೇಡ. ಹೊತ್ತಿಗೆ ಸರಿಯಾಗಿ ತಿನ್ನು, ಎಡಕ್ಕೆ ಮಗ್ಗುಲಾಗಿ ಮಲಗು. ನಮ್ಮ ಕುಲದೇವರು ನಿನ್ನ ಒಡಲನ್ನು ತಣ್ಣಗಿಟ್ಟಿರಲಿ.

ನಿನ್ನ ದಾರಿ ನೋಡುತ್ತಿರುವ,
ಅಮ್ಮ, ಮುತ್ತಮ್ಮಾಳ್

ಕವರು ಅಂಟಿಸುವ ಮುಂಚೆ ಇನ್ನೊಂದು ಮಾತು:

ಇದನ್ನು ಬರೆಯಬಾರದೆಂದುಕೊಂಡೇ ಮೇಲಿನದೆಲ್ಲ ಬರೆದೆ. ಆಗಲಿಲ್ಲ. ದೇವರ ಹಗ್ಗ ಹಿಡಿದು ಸುಳ್ಳಾಡಿದವನ ಮನೆಯಲ್ಲಿ ಬಸಿರು ನಿಲ್ಲದು ಎಂದು ನಮ್ಮವರು ಹೇಳುವುದು ನಿನಗೂ ಗೊತ್ತು. ನಿಮ್ಮಪ್ಪನಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಹಿಡಿದರು. ಅದಕ್ಕೇ ಕೈ ನಡುಗಿದ್ದು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದೆ. ಬೇಲಿಯಾಚೆ ವಳ್ಳಿ ನಿಂತಿರುವಾಗ ಬೇಡ ಎಂದು ಹೇಗೆ ಹೇಳಲಿ?

ವ್ಯಾನು ಹತ್ತುವ ಮುಂಚೆ ಹಿತ್ತಲಿಗೆ ಬಂದಿದ್ದಳು. ಯಾಕೆ ಹೀಗೆ ಮಾಡಿದೆಯೇ ಎಂದು ತಬ್ಬಿಕೊಂಡು ಅತ್ತೆ. "ನನ್ ಸೊಂಟದ್ ಮ್ಯಾಲೆ ಬೆಳ್ದ ಕೂಸಕ್ಕಾ ಅಮುದಾ. ಅವ್ಳ ಹೊಟ್ಟೆ ಮ್ಯಾಲೆ ನಂಗೆ ಕಾಗ್ದ ಬ್ಯಾಡ" ಎಂದಳು. ಆಮೇಲೆ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡು, "ಅವ್ಳಿಗೆ ಹೇಳ್ಬ್ಯಾಡ. ಹೇಳಿದ್ರೆ ಕೂಸಿನ ಮೊಕ ನೋಡ್ದಾಗೆಲ್ಲ ನನ್ನೇ ನೆನಸ್ಕಂತಾಳೆ" ಎಂದು ಆಣೆ ಹಾಕಿಸಿಕೊಂಡಳು.

ಆ ಆಣೆ ಮುರಿದಿದ್ದೇನೆ ಅಮುದಾ. ನೆನೆಸಿಕೋ.