ನಿಮ್ಮವರು ಬಿಟ್ಟುಹೋದ ಗುಂಡುಗಳು

ವಿಲೋ ಹಳ್ಳ, ವಯೋಮಿಂಗ್
೬ ಅಕ್ಟೋಬರ್ ೧೮೯೧

ದನಗಳ ಒಡೆಯರಾದ ಹ್ಯಾಲೊರನ್ ಅವರಿಗೆ,

ನಿನ್ನೆ ನಿಮ್ಮ ಆಳುಗಳು ನಮ್ಮ ಮನೆಗೆ ನುಗ್ಗಿ, ತೀರಿಹೋದ ಅಪ್ಪನ, ಸನ್ನೆ ಎಳೆದು ಗುಂಡು ಹಾರಿಸುವ ರೈಫಲನ್ನು ಕದ್ದೊಯ್ದರು. ಮೊದಲು ಬಂದೂಕು ಕಸಿಯುವವರು ಆಮೇಲೆ ನೆಲ ಕಸಿಯುತ್ತಾರೆಂದು ಕರಪತ್ರಗಳಲ್ಲಿ ಓದಿದ್ದೇನೆ. ನಮ್ಮ ಬೇಲಿಯನ್ನಂತೂ ನೀವು ಈಗಾಗಲೇ ಎರಡು ಸಲ ಕತ್ತರಿಸಿದ್ದೀರಿ.

ನಿಮ್ಮ ಮೇಸ್ತ್ರಿ ಪ್ರೂಯಿಟ್ ಆ ರೈಫಲಿನ ಗುಂಡಿನ ಪೆಟ್ಟಿಗೆಯನ್ನು ನನ್ನ ಕಾಲ ಬಳಿ ಎಸೆದು, "ಇಟ್ಕೊಳ್ಳೇ ಟಿಲ್ಡಾ, ಸರ ಪೋಣಿಸ್ಕೊ!" ಎಂದು ನಕ್ಕ. ಅವೇ ಗುಂಡುಗಳನ್ನು ತುಂಬಬಹುದಾದ ಅಮ್ಮನ ರಿವಾಲ್ವರ್ ಹಿಟ್ಟಿನ ಡಬ್ಬದಲ್ಲಿತ್ತೆಂಬುದು ಅವನಿಗೆ ತಿಳಿಯದು. ಈಗ ಅದು ಡಬ್ಬದಲ್ಲಿಲ್ಲ. "ಬರ್ಲಿ ಬಿಡು, ಇನ್ನೊಂದ್ಸಲ ಬರ್ಲಿ" ಎನ್ನುತ್ತ ಅಮ್ಮ ಕಿಟಕಿ ಬಿಟ್ಟು ಏಳುತ್ತಿಲ್ಲ.

ಆದ್ದರಿಂದ ರೈಫಲನ್ನು ನೀವೊಬ್ಬರೇ ತನ್ನಿ. ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದು, ನಡೆದೇ ಬನ್ನಿ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಗೇಟಿನ ಬಳಿ ನಿಂತಿರುತ್ತೇನೆ.

ಟಿಲ್ಡಾ ಓಸ್ಟರ್